ಕಲಸದ ಪಲಾವು

ಯಿವು,
ಏಪ್ರಿಲ್ 11

ತೋಲಿಬ್ ಅಣ್ಣನವರಿಗೆ ಮಸ್ತೂರಾಳ ಸಲಾಮು.

ನಮ್ಮ ಮನೆಯ ನಂಬರು ಕಂಡರೆ ನೀವು ಫೋನು ಎತ್ತುವುದಿಲ್ಲ. ಮೂರು ವರ್ಷದಿಂದ ಎತ್ತಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಫವಾಜ್ ಹದಿನೈದು ದಿನಕ್ಕೊಮ್ಮೆ ಚರ್ಮದ ಚೀಲ ಕೊಳ್ಳಲು ಗುವಾಂಗ್‌ಝೌಗೆ ಬಂದಾಗ ನಿಮ್ಮ ಹೋಟೆಲಿನಲ್ಲೇ ಉಣ್ಣುತ್ತಾನಂತೆ. ಇದನ್ನು ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಆ ಯಮನ್ ದೇಶದವನ ಬಾಯಿಯನ್ನು ನಂಬುವಂತಿಲ್ಲ, ಕೈಯನ್ನು ನಂಬಬಹುದು.

ನಮ್ಮ ಮನೆಯವರು, ನಾರ್ಮತ್, ತೀರಿಹೋಗಿ ಐದು ತಿಂಗಳಾಗುತ್ತ ಬಂತು. ಸುದ್ದಿ ನಿಮಗೆ ಮುಟ್ಟಿದೆ ಎಂದು ಗೊತ್ತು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬೆಳಿಗ್ಗೆ ಈಗಲೂ ಚಹಾಕ್ಕೆ ಎರಡು ಬಟ್ಟಲು ತೆಗೆಯುತ್ತೇನೆ, ಆಮೇಲೆ ಒಂದನ್ನು ಒಳಗಿಡುತ್ತೇನೆ. ಅಷ್ಟೆ.

ಶುಕ್ರವಾರದ ಊಟ ನಿಂತಿಲ್ಲ. ಫವಾಜ್ ಬರುತ್ತಾನೆ. ಅಂಗಿಯ ಗುಂಡಿ ವ್ಯಾಪಾರದ ಅವಾ ಮಗಳನ್ನು ಕಟ್ಟಿಕೊಂಡು ಬರುತ್ತಾಳೆ. ನೀವು ಹೋದ ಮೇಲೆ ನಾವು ಬಾಡಿಗೆಗೆ ಹಿಡಿದ ಈ ಮನೆಯ ಒಡತಿ ಲೌ ಎದುರಿನ ತನ್ನ ಅಂಗಡಿಗೆ ಬೀಗ ಹಾಕಿ ಬರುತ್ತಾಳೆ. ಸರಕು ಹಡಗು ಹತ್ತಲಿಲ್ಲವೆಂದು ಊರಿಗೆ ಹೋಗಲಾರದೆ ಉಳಿದ ತುರ್ಕಿಯವರು, ನೇಪಾಳದವರು ಯಾರಾದರೂ ಇದ್ದೇ ಇರುತ್ತಾರೆ. ನಾನು ಮಾಂಸದ ಕಡುಬು, ಕಡಲೆ ಸಾರು ಮಾಡಿ ಬಡಿಸುತ್ತೇನೆ. ಎಲ್ಲರೂ ಹೊಗಳುತ್ತಾರೆ. ಹೊಗಳುತ್ತಲೇ ಅಂಗಳದ ಮೂಲೆಯಲ್ಲಿ ಬೋರಲು ಹಾಕಿದ ದೊಡ್ಡ ಕಡಾಯಿಯ ಕಡೆ ನೋಡಿ, ನಾನು ನೋಡಿದೆನೆಂದು ಗೊತ್ತಾದರೆ ತಟ್ಟೆಯ ಕಡೆ ತಿರುಗುತ್ತಾರೆ.

ನವೆಂಬರ್ ಹದಿನಾಲ್ಕಕ್ಕೆ ವರ್ಷ ತುಂಬುತ್ತದೆ. ಅವರ ಹೆಸರಿನಲ್ಲಿ ವರ್ಷದ ಪಲಾವು ಆಗಬೇಕು. ದೊಡ್ಡ ಕಡಾಯಿಗೆ ನಮ್ಮಲ್ಲಿ ಹೆಂಗಸರು ಕೈ ಹಾಕುವುದಿಲ್ಲ, ನಿಮಗೇ ಗೊತ್ತು. ಹಿಂದಿನ ಬೀದಿಯ ಬುಖಾರಾದ ಅಡುಗೆಯವನು ತಾನು ಮಾಡಿಕೊಡುತ್ತೇನೆಂದ, ಆಮೇಲೆ ಕಡಾಯಿಯನ್ನು ತನಗೇ ಮಾರಿಬಿಡಿ ಎಂದ. ಅವನು ನಾರ್ಮತ್‌ರ ಮುಖವನ್ನೂ ನೋಡಿದವನಲ್ಲ. ಆ ದಿನ ಮುಚ್ಚಳ ತೆಗೆಯುವ ಕೈ ಅವರನ್ನು ಬಲ್ಲ ಕೈಯಾಗಿರಬೇಕು. ಹನ್ನೊಂದು ವರ್ಷ ನೀವಿಬ್ಬರೂ ಒಂದೇ ಒಲೆಯ ಹೊಗೆ ಕುಡಿದವರು.

ಬನ್ನಿ. ಅದೊಂದು ಊಟ ಮುಗಿದರೆ ನಾನು ಕಡಾಯಿ ಮಾರಿ ಸಮರ್ಕಂದಿಗೆ, ಒಡಹುಟ್ಟಿದ ಅಕ್ಕನ ಮನೆಗೆ ಹೋಗುತ್ತೇನೆ.

ನಿಮ್ಮ ತಂಗಿ
ಮಸ್ತೂರಾ


ಗುವಾಂಗ್‌ಝೌ,
ಏಪ್ರಿಲ್ 29

ತಂಗಿ ಮಸ್ತೂರಾ,

ಕಾಗದ ಬಂತು. ನನಗೆ ಬರಲು ಆಗುವುದಿಲ್ಲ.

ಅವಾಳ ಮಗಳಿಗೆ ಹೆಸರಿಟ್ಟ ದಿನ ನಡೆದದ್ದು ನಿನಗೆ ಮರೆತಿರಲಾರದು. ನಾರ್ಮತ್ ಬಾಗಿಲಿಗೆ ಹೋಗಿ ನೆಂಟರನ್ನು ಕರೆತರುವಷ್ಟರಲ್ಲಿ ನಾನು ಕಡಾಯಿಯನ್ನು ತಳದಿಂದ ಮೇಲಕ್ಕೆ ಕಲಸಿಬಿಟ್ಟೆ. ಮರ್ಗಿಲಾನಿನಲ್ಲಿ ನಮ್ಮಪ್ಪ ಕಲಸುತ್ತಿದ್ದ, ತಾತ ಕಲಸುತ್ತಿದ್ದ. ನಿನ್ನ ಗಂಡನ ಸಮರ್ಕಂದಿನ ಹಟಕ್ಕೆ ಅಷ್ಟು ವರ್ಷ ಅನ್ನ ಕೆಳಗೆ, ಕ್ಯಾರೆಟ್ ನಡುವೆ, ಮಾಂಸ ಮೇಲೆ ಎಂದು ಪದರ ಪದರವಾಗಿ ಬಡಿಸಿದವನು ನಾನು. ಒಂದು ದಿನ ಕಲಸಿದೆ. ಅದಕ್ಕೆ ಅವನು ಅರವತ್ತು ಜನರ ಎದುರಿಗೆ ಏನೆಂದ? "ಮರ್ಗಿಲಾನಿನವರಿಗೆ ಪಲಾವಿಗೂ ಹಸುವಿನ ಬೂಸಾಕ್ಕೂ ವ್ಯತ್ಯಾಸ ತಿಳಿಯಲ್ಲ" ಎಂದ. ನಾನು ನನ್ನ ಸಟ್ಟುಗ ಎತ್ತಿಕೊಂಡು ಹೊರಟವನು ತಿರುಗಿ ನೋಡಲಿಲ್ಲ. ಅವನೂ ಕರೆಯಲಿಲ್ಲ.

ಈಗ ಅವನಿಲ್ಲ. ನಾನು ಬಂದು ಯಾರ ಹತ್ತಿರ ರಾಜಿಯಾಗಲಿ?

ಕಡಾಯಿ ಬೋರಲು ಹಾಕಿದ್ದೇನೆಂದು ಬರೆದಿದ್ದೀಯ. ಅಂಗಳದಲ್ಲೇ? ಆ ಊರಿನ ಮಳೆಗೆ ಇಷ್ಟು ಹೊತ್ತಿಗೆ ತುಕ್ಕು ಹಿಡಿದಿರುತ್ತದೆ. ಎರಡು ಹಿಡಿ ಕಲ್ಲುಪ್ಪು ಹಾಕಿ, ಉಪ್ಪು ಕಂದು ಬಣ್ಣಕ್ಕೆ ತಿರುಗುವವರೆಗೆ ಹುರಿ. ಒಣಬಟ್ಟೆಯಲ್ಲಿ ಉಜ್ಜು. ಕುರಿಯ ಬಾಲದ ಕೊಬ್ಬು ಸವರಿ ಇನ್ನೊಮ್ಮೆ ಕಾಯಿಸು. ಸೋಪು ಮುಟ್ಟಿಸಬೇಡ.

ಇದು ಅಡುಗೆ ಹೇಳಿಕೊಟ್ಟದ್ದಲ್ಲ. ಕಡಾಯಿ ಏನು ತಪ್ಪು ಮಾಡಿದೆ ಎಂದು ಬರೆದದ್ದು.

ತೋಲಿಬ್


ಯಿವು,
ಮೇ 20

ತೋಲಿಬ್ ಅಣ್ಣನವರಿಗೆ,

ಬರುವುದಿಲ್ಲವೆಂದು ಬರೆದಿರಿ. ಓದಿ ಮಡಚಿಟ್ಟೆ.

ಹೇಳಿದಂತೆ ಕಡಾಯಿ ಕಾಯಿಸಿದೆ. ಉಪ್ಪು ಚಟಚಟ ಎನ್ನುವಾಗ ಲೌ ಅಂಗಡಿಯಿಂದ ಓಡಿಬಂದಳು. ಕೊಬ್ಬಿನ ವಾಸನೆ ಏಳುತ್ತಿದ್ದಂತೆ ಮೇಲಿನ ಮಹಡಿಯ ಕಿಟಕಿಗಳು ಒಂದೊಂದಾಗಿ ತೆರೆದವು. ಅಷ್ಟು ಬಿಸಿಯಾದ ಕಡಾಯಿಯನ್ನು ಸುಮ್ಮನೆ ಆರಿಸುವುದು ಹೇಗೆ? ಅವತ್ತು ಶುಕ್ರವಾರ ಬೇರೆ. ಈರುಳ್ಳಿ ಹಾಕಿದೆ. ಆಮೇಲೆ ಮಾಂಸ. ಆಮೇಲೆ ಕೈ ತಾನಾಗಿ ಅಕ್ಕಿ ಡಬ್ಬದ ಕಡೆ ಹೋಯಿತು.

ಅಣ್ಣ, ಗಂಜಿಯಾಯಿತು. ಸಟ್ಟುಗ ನಿಲ್ಲಿಸಿದರೆ ನಿಂತೇ ಇತ್ತು.

ಫವಾಜ್ ಎರಡು ತುತ್ತು ತಿಂದು, ಯಮನ್‌ನಲ್ಲಿ ಹಲ್ಲು ಬಿದ್ದವರಿಗೆ ಇಂಥದ್ದೇ ಕೊಡುತ್ತಾರೆ ಎಂದು ಗಂಭೀರವಾಗಿ ಹೇಳಿದ. ಅವಾ ಅವನ ಕಾಲು ತುಳಿದಳು. ತುಳಿದವಳು ತಾನೇ ನಗಲು ತೊಡಗಿ, ಸೆರಗಿನಂಥ ಆ ದೊಡ್ಡ ತಲೆವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು. ನನಗೂ ನಗು ಬಂತು. ನವೆಂಬರಿನಿಂದ ಈಚೆಗೆ ನಾನು ನಕ್ಕದ್ದು ಅದೇ ಮೊದಲು. ನನ್ನ ದನಿಯೇ ನನಗೆ ಬೇರೆ ಯಾರದೋ ಅನ್ನಿಸಿತು.

ಲೌ ಒಬ್ಬಳೇ ಸಂತೋಷಪಟ್ಟವಳು. ಮಾರನೆಯ ಬೆಳಿಗ್ಗೆ ಉಪ್ಪಿನಲ್ಲಿ ಹಾಕಿದ ಸಾಸಿವೆ ಸೊಪ್ಪಿನ ಭರಣಿ ಹಿಡಿದು ಬಂದು, ಉಳಿದ ಗಂಜಿ ಕೊಡು, ತಿಂಡಿಗಾಯಿತು ಎಂದಳು. "ಈ ಊರಿಗೆ ಬಂದು ಹದಿನಾಲ್ಕು ವರ್ಷ ಆದ್ಮೇಲೆ ನಿಮ್ಮ ಜನಕ್ಕೆ ಅನ್ನ ಬೇಯ್ಸೋದು ಗೊತ್ತಾಯ್ತು ನೋಡು" ಎಂದಳು.

ಬಾಗಿಲಿಗೆ ಎದುರಾದ ನಾರ್ಮತ್‌ರ ಕುರ್ಚಿಯಲ್ಲಿ ಅವಳು ಇನ್ನೂ ಯಾರನ್ನೂ ಕೂರಲು ಬಿಡುವುದಿಲ್ಲ. ಮನೆಯ ಹಿರಿಯ ಇಲ್ಲವೇ ದೊಡ್ಡ ಅತಿಥಿ ಕೂರುವ ಜಾಗವಂತೆ ಅದು. ಹೊಸಬರು ಬಂದರೆ ಭುಜ ಹಿಡಿದು ಎಬ್ಬಿಸುತ್ತಾಳೆ.

ನೀರು ಎಷ್ಟು ಹಾಕಬೇಕಿತ್ತು?

ಮಸ್ತೂರಾ


ಗುವಾಂಗ್‌ಝೌ,
ಜೂನ್ 6

ತಂಗಿ,

ನಿನ್ನ ಕಾಗದ ಕೊಡುವ ಮೊದಲೇ ಫವಾಜ್ ಪೂರ್ತಿ ಕಥೆ ಹೇಳಿ ಮುಗಿಸಿದ್ದ. ಅವನ ನಗುವಿಗೆ ನನ್ನ ಹೋಟೆಲಿನ ಗಿರಾಕಿಗಳು ಊಟ ಬಿಟ್ಟು ಸುತ್ತ ನಿಂತಿದ್ದರು.

ಹೆಂಗಸು ದೊಡ್ಡ ಕಡಾಯಿಗೆ ಕೈ ಹಾಕಿದಳೆಂದು ಕೇಳಿದ್ದರೆ ನಮ್ಮಪ್ಪ ಊಟ ಬಿಡುತ್ತಿದ್ದ. ಅದರಲ್ಲಿ ಗಂಜಿಯಾಯಿತೆಂದು ಕೇಳಿದ್ದರೆ ಊರು ಬಿಡುತ್ತಿದ್ದ. ಮುಟ್ಟಿದ್ದೀಯ, ಇನ್ನು ಸರಿಯಾಗಿ ಮುಟ್ಟು. ಬರೆದುಕೋ.

ಎಣ್ಣೆ ಕಾದಿದೆಯೋ ಇಲ್ಲವೋ ಎಂದು ಕಣ್ಣಲ್ಲಿ ನೋಡಬೇಡ. ಒಂದು ಕಲ್ಲುಪ್ಪು ಹಾಕು. ಸಿಡಿದು ಹೊರಗೆ ಬಿದ್ದರೆ ಕಾದಿದೆ. ಕ್ಯಾರೆಟ್ ಕೈಯಲ್ಲೇ ಹೆಚ್ಚು, ಬೆಂಕಿಕಡ್ಡಿಯಷ್ಟು ಸಣ್ಣಗೆ. ತುರಿದೆಯೋ, ಕರಗಿಹೋಗುತ್ತದೆ. ಅಕ್ಕಿಯನ್ನು ಉಪ್ಪು ಹಾಕಿದ ಬೆಚ್ಚನೆಯ ನೀರಿನಲ್ಲಿ ನೆನೆಸು. ಅಕ್ಕಿ ಹರಡಿದ ಮೇಲೆ ನೀರು ಬೆರಳಿನ ಒಂದು ಗೆಣ್ಣಿನಷ್ಟು ಮೇಲೆ ನಿಲ್ಲಬೇಕು. ನನ್ನ ಬೆರಳಿನ ಗೆಣ್ಣಲ್ಲ, ನಿನ್ನ ಬೆರಳಿನದು. ಮೊದಲು ಜೋರು ಬೆಂಕಿ. ಹೆದರಬೇಡ. ನೀರು ಇಳಿದಾಗ ಅಕ್ಕಿಯನ್ನು ಗುಡ್ಡೆ ಮಾಡಿ, ಅಲ್ಲಲ್ಲಿ ತೂತು ಮಾಡಿ, ಮುಚ್ಚಿ ಬೆಂಕಿ ಎಳೆದುಬಿಡು. ಆಮೇಲೆ ಯಾರು ಬೇಡಿಕೊಂಡರೂ ಮುಚ್ಚಳ ತೆಗೆಯಬೇಡ.

ಕೊನೆಗೆ ತಳದಿಂದ ಮೇಲಕ್ಕೆ ಕಲಸು. ಪಲಾವು ಎಂದರೆ ಅದು.

ತೋಲಿಬ್

ಫವಾಜ್ ಹೇಳಿದ, ನೀನು ನಕ್ಕೆಯಂತೆ. ಒಳ್ಳೆಯದಾಯಿತು.


ಯಿವು,
ಜುಲೈ 11

ತೋಲಿಬ್ ಅಣ್ಣನವರಿಗೆ,

ಎರಡನೆಯ ಸಲ ತಳ ಹಿಡಿಯಿತು. ಮೂರನೆಯ ಸಲ ಉಪ್ಪು ಮರೆತೆ, ಅವಾ ತನ್ನ ಚೀಲದಿಂದ ಮೀನಿನ ಪುಡಿ ತೆಗೆದು ಎಲ್ಲರ ತಟ್ಟೆಗೂ ಉದುರಿಸಿ ಮಾನ ಉಳಿಸಿದಳು. ನಾಲ್ಕನೆಯ ಸಲ, ಅಣ್ಣ, ಅಕ್ಕಿ ಒಂದಕ್ಕೊಂದು ಅಂಟಲಿಲ್ಲ.

ಫವಾಜ್ ಮೊದಲ ತಟ್ಟೆಯನ್ನು ಪೂರ್ತಿ ಮಾತಾಡದೆ ಮುಗಿಸಿದ. ಈ ಊರಿನಲ್ಲಿ ಯಾರೂ ಅದನ್ನು ನೋಡಿರಲಿಲ್ಲ. ಎರಡನೆಯ ತಟ್ಟೆಯ ನಡುವೆ ಅವನಿಗೆ ಫೋನು ಬಂತು. ಕೈ ಬಿಡುವಾಗಲಿ ಎಂದು ಊಟದ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಿದ. ಲೌ ಅವನ ಮುಂಗೈಗೆ ಪಟ್ಟೆಂದು ಹೊಡೆದು ಕಡ್ಡಿ ಕಿತ್ತು ಮಲಗಿಸಿದಳು. ಅನ್ನದಲ್ಲಿ ಕಡ್ಡಿ ನಿಲ್ಲಿಸುವುದು ಸತ್ತವರಿಗೆ ಎಡೆ ಇಡುವಾಗ ಮಾತ್ರ ಎಂದಳು. ಎಲ್ಲರೂ ನನ್ನ ಮುಖ ನೋಡಿದರು. ನಾನು, "ಇರಲಿ ಬಿಡಿ, ಅವರಿಗೂ ಒಂದು ತುತ್ತು ಹೋಯ್ತು" ಎಂದೆ. ಹೇಗೆ ಹೇಳಿದೆನೋ, ಹೇಳಿದ ಮೇಲೆ ಎದೆ ಹಗುರಾಯಿತು. ಫವಾಜ್ ಫೋನಿನಲ್ಲಿ ಆಚೆಯವನಿಗೆ, ಆಮೇಲೆ ಮಾಡು, ನಾನು ಪಲಾವಿನಲ್ಲಿದ್ದೇನೆ ಎಂದ.

ನೀವು ಹೇಳಿದ ಎಲ್ಲವನ್ನೂ ಮಾಡಿದೆ, ಕೊನೆಯದೊಂದನ್ನು ಬಿಟ್ಟು. ಕಲಸಲಿಲ್ಲ. ಸಟ್ಟುಗವನ್ನು ತಳದವರೆಗೆ ಇಳಿಸಿದೆ, ಕೈ ತಿರುಗಲಿಲ್ಲ. ಅವರು ಇದ್ದಾಗ ಹೇಗಿತ್ತೋ ಹಾಗೆ, ಅನ್ನ, ಮೇಲೆ ಕ್ಯಾರೆಟ್, ಮೇಲೆ ಮಾಂಸ ಬಡಿಸಿದೆ. ಲೌ ಎಂದಿನಂತೆ ತನ್ನ ತಟ್ಟೆಯಲ್ಲಿ ಎಲ್ಲವನ್ನೂ ಗಿರಗಿರ ಕಲಸಿ ತಿಂದಳು. ಅವಳನ್ನು ಮಾತ್ರ ಅವರು ಎಂದೂ ಏನೂ ಅನ್ನುತ್ತಿರಲಿಲ್ಲ, ಬಾಡಿಗೆ ಮನೆ ನೋಡಿ.

ಮಸ್ತೂರಾ


ಗುವಾಂಗ್‌ಝೌ,
ಆಗಸ್ಟ್ 30

ತಂಗಿ,

ಕಲಸಲಿಲ್ಲವೆಂದು ಬರೆದದ್ದು ಓದಿ ಕಾಗದವನ್ನು ಹಿಟ್ಟಿನ ಡಬ್ಬದ ಹಿಂದೆ ಎಸೆದೆ. ಮೂರು ವಾರ ಅಲ್ಲೇ ಇತ್ತು. ಅವನ ಹಟ ಅವನ ಜೊತೆ ಹೋಗಿರುತ್ತದೆ ಎಂದುಕೊಂಡಿದ್ದೆ. ನಿನಗೆ ಕೊಟ್ಟು ಹೋಗಿದ್ದಾನೆ.

ಹೋಗಲಿ. ಆ ಥರ ಮಾಡುವುದೇ ಆದರೆ ಅದನ್ನಾದರೂ ಸರಿಯಾಗಿ ಮಾಡು. ಅಲ್ಲಿ ಸಿಗುವ ಕೆಂಪು ಕ್ಯಾರೆಟ್ ಹಾಕಿರುತ್ತೀಯ. ನಮ್ಮೂರ ಪಲಾವಿಗೆ ಅದು ನಡೆಯುತ್ತದೆ, ಅವನ ಪಲಾವಿಗೆ ನಡೆಯುವುದಿಲ್ಲ. ಸಿಹಿ ಜಾಸ್ತಿಯಾಗಿ ಮಾಂಸದ ರುಚಿ ಮುಚ್ಚಿಹೋಗುತ್ತದೆ. ಅವನಿಗೆ ಹಳದಿಯದೇ ಆಗಬೇಕಿತ್ತು. ಇಲ್ಲಿ ಕಾಶ್ಗರಿನವನೊಬ್ಬ ತರಿಸುತ್ತಾನೆ. ನನ್ನ ಹೋಟೆಲಿಗೆ ಬೇಕಾದದ್ದಕ್ಕಿಂತ ಒಂದು ಮೂಟೆ ಹೆಚ್ಚಾಗಿ ಬಂತು. ಕೊಳೆಯುವುದು ಬೇಡವೆಂದು ಫವಾಜ್‌ನ ತಲೆಯ ಮೇಲೆ ಹೊರಿಸಿದ್ದೇನೆ.

ಹಳದಿ ಕ್ಯಾರೆಟ್ ಹಾಕಿದ ಮೇಲೆ ಸೌಟಾಡಿಸಬೇಡ. ಹರಡಿ ಹಾಗೇ ಬಿಡು. ಹನ್ನೊಂದು ವರ್ಷ ಅವನು ಅದನ್ನೇ ಹೇಳಿ ಹೇಳಿ ನನ್ನ ಕಿವಿ ತೂತು ಮಾಡಿದ್ದ.

ತೋಲಿಬ್


ಯಿವು,
ಸೆಪ್ಟೆಂಬರ್ 19

ತೋಲಿಬ್ ಅಣ್ಣನವರಿಗೆ,

ಮೂಟೆ ಬಂತು. ಫವಾಜ್ ತಾನು ಚೀಲದ ವ್ಯಾಪಾರಿ, ಕತ್ತೆಯಲ್ಲ ಎಂದು ಬಾಗಿಲಲ್ಲೇ ಕೂಗಾಡಿದ. ಆಮೇಲೆ ಆರು ತಟ್ಟೆ ತಿಂದ. ಹಳದಿ ಕ್ಯಾರೆಟ್ ಬೆಂದ ವಾಸನೆ ಅಂಗಳ ತುಂಬಿದಾಗ ನಾನು ಒಂದು ಗಳಿಗೆ ಒಳಗೆ ಹೋಗಿ ಕೂತು ಬಂದೆ. ಅದು ಅವರದೇ ವಾಸನೆ.

ಇನ್ನೊಂದು ವಿಷಯ. ಊಟವಾದ ಮೇಲೆ ಫವಾಜ್ ತನ್ನ ಫೋನಿನಲ್ಲಿ ನಿಮ್ಮ ಫೋಟೋ ತೋರಿಸಿದ, ಮೂಟೆ ಹೊಲಿಯುತ್ತಿರುವುದು. ಲೌ ಕನ್ನಡಕ ಹಾಕಿಕೊಂಡು ನೋಡಿ, "ಇವನು ಕಡಲೆಕಾಯಿಯವನು" ಎಂದಳು. ಹೋದ ಡಿಸೆಂಬರಿನಲ್ಲಿ, ನಮ್ಮ ಮನೆಯಲ್ಲಿ ನಲವತ್ತನೆಯ ದಿನದ ಪ್ರಾರ್ಥನೆಗೆ ಜನ ತುಂಬಿದ್ದಾಗ, ನಮ್ಮ ಕಡೆಯ ಟೊಪ್ಪಿಯ ಎತ್ತರದ ಮನುಷ್ಯನೊಬ್ಬ ಅವಳ ಅಂಗಡಿಯಲ್ಲಿ ಕಡಲೆಕಾಯಿ ಕೊಂಡನಂತೆ. ಕಂಕುಳಲ್ಲಿ ಪತ್ರಿಕೆ ಸುತ್ತಿದ ಉದ್ದನೆಯ ವಸ್ತು ಇತ್ತಂತೆ. ನಮ್ಮ ಬಾಗಿಲ ಕಡೆ ಮುಖ ಮಾಡಿ, ಒಂದೊಂದೇ ಕಾಯಿ ಸುಲಿಯುತ್ತ ನಿಂತಿದ್ದನಂತೆ. ಸಿಪ್ಪೆಯನ್ನು ಕೆಳಗೆ ಹಾಕದೆ ಜೇಬಿಗೆ ಹಾಕಿಕೊಂಡನಂತೆ. ಕಾಯಿ ಮುಗಿದ ಮೇಲೆ ಬಂದ ದಾರಿಯಲ್ಲೇ ಹೋದನಂತೆ. ಮನೆ ಬಾಡಿಗೆಗೆ ನೋಡಲು ಬಂದವನಿರಬೇಕೆಂದು ಅವಳು ನನಗೆ ಹೇಳಿರಲಿಲ್ಲ.

ನಾನು ಏನೂ ಕೇಳುವುದಿಲ್ಲ. ಅವತ್ತು ತುಂಬ ಚಳಿಯಿತ್ತು, ಅಷ್ಟು ಮಾತ್ರ ನೆನಪಿದೆ.

ಮಸ್ತೂರಾ


ಗುವಾಂಗ್‌ಝೌ,
ಅಕ್ಟೋಬರ್ 12

ತಂಗಿ,

ಆ ಲೌ ಅಮ್ಮನಿಗೆ ಹೇಳು, ಅವಳ ಕಡಲೆಕಾಯಿ ಮೆತ್ತಗಾಗಿತ್ತು.

ಸಟ್ಟುಗ ಹಿಡಿದೇ ಬಂದಿದ್ದೆ. ಬದುಕಿದ್ದಾಗ ಬಾಗಿಲು ತುಳಿಯದವನು ಈಗ ಯಾವ ಮುಖ ಇಟ್ಟುಕೊಂಡು ಒಳಗೆ ಹೋಗಲಿ ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ. ಬೂಸಾ ಎಂದದ್ದು ಅವನು, ನಿಜ. ಆದರೆ ಅವನ ಕಡಾಯಿಯನ್ನು ಅವನ ಬೆನ್ನ ಹಿಂದೆ ಕಲಸಿದವನು ನಾನು. ಅದನ್ನು ಅವನಿಗೆ ಹೇಳಬೇಕಾಗಿತ್ತು.

ನೀನೇ ಮಾಡು. ನಿನಗೆ ಬಂದಿದೆ. ನೂರು ಜನರಿಗಾದರೆ ಬೆಳಕು ಹರಿಯುವಾಗಲೇ ಒಲೆ ಹಚ್ಚು. ಕ್ಯಾರೆಟ್ ಹಿಂದಿನ ದಿನವೇ ಹೆಚ್ಚಿಟ್ಟು ಒದ್ದೆ ಬಟ್ಟೆ ಮುಚ್ಚು.

ತೋಲಿಬ್


ಯಿವು,
ಅಕ್ಟೋಬರ್ 30

ತೋಲಿಬ್ ಅಣ್ಣನವರಿಗೆ,

ಕಡಲೆಕಾಯಿಯ ಮಾತಿಗೆ ಲೌ ಸಿಟ್ಟಾಗಿದ್ದಾಳೆ. ಹೊಸದು ಹುರಿದಿಟ್ಟಿದ್ದಾಳೆ, ಬಂದು ತಿಂದು ನೋಡಿ ಆಮೇಲೆ ಮಾತಾಡಲಿ ಎನ್ನುತ್ತಾಳೆ.

ಆ ದಿನ ಬಾಗಿಲಿಗೆ ಎದುರಾದ ಕುರ್ಚಿಯಲ್ಲಿ ಯಾರನ್ನು ಕೂರಿಸುತ್ತೀಯ ಎಂದು ಕೇಳಿದಳು. ವರ್ಷವಾದ ಮೇಲೂ ಖಾಲಿ ಬಿಡುವುದು ಸರಿಯಲ್ಲವಂತೆ.

ಮಸ್ತೂರಾ


ಯಿವು,
ನವೆಂಬರ್ 20

ತೋಲಿಬ್ ಅಣ್ಣನವರಿಗೆ,

ನೀವು ಕ್ಷೇಮವಾಗಿ ತಲುಪಿದ ಸುದ್ದಿಯನ್ನು ಫವಾಜ್ ಹೇಳಿದ. ಅವತ್ತು ನೀವು ಬಹಳ ಹೊತ್ತು ಕಡಾಯಿಗೆ ಮುಖ ಮಾಡಿ ನಿಂತಿದ್ದಿರಿ. ನಿಮ್ಮ ಬೆನ್ನ ಹಿಂದೆ ನಡೆದದ್ದನ್ನು ಬರೆಯೋಣವೆಂದು ಕೂತೆ.

ನೀವು ಬಂದಾಗ ಅಕ್ಕಿ ಮುಚ್ಚಿ ಆಗಿತ್ತು. ಬಾಗಿಲಲ್ಲಿ ಟೊಪ್ಪಿ ಕಂಡಾಗ ಮೊದಲು ನೋಡಿದವಳು ಲೌ. ಸುಮ್ಮನೆ ಎದ್ದು ಹೋಗಿ ಆ ಕುರ್ಚಿಯನ್ನು ತನ್ನ ತೋಳಿನಿಂದ ಒರೆಸಿದಳು. ನೀವು ಯಾರಿಗೂ ಸಲಾಮು ಹೇಳದೆ ನೇರ ಒಲೆಯ ಹತ್ತಿರ ಹೋದಿರಿ. ಪತ್ರಿಕೆ ಬಿಚ್ಚಿದಿರಿ. "ತಂಗಿ, ಮುಚ್ಚಳ ತೆಗೀಲಾ?" ಎಂದಿರಿ. ಆಮೇಲೆ ಸ್ವಲ್ಪ ಹೊತ್ತು ನನಗೆ ಸರಿಯಾಗಿ ಕಾಣಲಿಲ್ಲ. ಹಬೆ ಬಹಳ ಇತ್ತು.

ನೀವು ಸಟ್ಟುಗವನ್ನು ತಳದವರೆಗೆ ಇಳಿಸಿದಾಗ ಅಂಗಳದಲ್ಲಿ ನೂರು ಜನ ಉಸಿರು ಹಿಡಿದಿದ್ದರು. ಅವಾ ನನ್ನ ಕೈ ಹಿಡಿದುಕೊಂಡಿದ್ದಳು. ಕಲಸಿದರೆ ಕಲಸಲಿ ಎಂದು ನಾನು ಮನಸ್ಸಿನಲ್ಲೇ ಒಪ್ಪಿಬಿಟ್ಟಿದ್ದೆ. ನೀವು ಸಟ್ಟುಗ ತಿರುಗಿಸಲಿಲ್ಲ. ತಟ್ಟೆ ಕೇಳಿದಿರಿ. ಅನ್ನ ಹಾಕಿದಿರಿ, ಕ್ಯಾರೆಟ್ ಹಾಕಿದಿರಿ, ಮೇಲೆ ಮಾಂಸ ಇಟ್ಟಿರಿ. ನೂರು ತಟ್ಟೆಗೂ ಹಾಗೆಯೇ. ಹಿಂದೆ ತುರ್ಕಿಯ ಮುದುಕನೊಬ್ಬ ಕಣ್ಣೊರೆಸಿಕೊಂಡ. ಅವನಿಗೆ ನಿಮ್ಮಿಬ್ಬರ ಕಥೆ ಮೊದಲು ಗೊತ್ತಿರಲಿಲ್ಲ, ಫವಾಜ್ ಆಗಷ್ಟೇ ಕಿವಿಯಲ್ಲಿ ಹೇಳಿದ್ದನಂತೆ.

ಲೌ ತನ್ನ ತಟ್ಟೆ ತೆಗೆದುಕೊಂಡು ಎಲ್ಲರ ಎದುರಿಗೆ ಕಡ್ಡಿಗಳಿಂದ ಗಿರಗಿರ ಕಲಸಿದಾಗ ಜನ ನಿಮ್ಮ ಮುಖ ನೋಡಿದರು. "ಈ ಅಮ್ಮ ನಮ್ಮ ಮರ್ಗಿಲಾನಿನೋಳು, ಯಾರಾದ್ರೂ ಏನಾದ್ರೂ ಅಂದ್ರೆ ನೋಡಿ" ಎಂದಿರಲ್ಲ, ಅದನ್ನು ಫವಾಜ್ ಆರು ಭಾಷೆಯಲ್ಲಿ ತಿರುಗಿಸಿ ಹೇಳಿದ. ಒಂದೊಂದು ಮೇಜು ಒಂದೊಂದು ಹೊತ್ತಿಗೆ ನಕ್ಕಿತು. ಸತ್ತವರ ಊಟದಲ್ಲಿ ಅಷ್ಟು ನಗಬಹುದೇ ಎಂದು ಒಂದು ಗಳಿಗೆ ಅನ್ನಿಸಿತು. ಅವರಿದ್ದಿದ್ದರೆ ಅವರದೇ ದನಿ ಎಲ್ಲಕ್ಕಿಂತ ಜೋರಾಗಿರುತ್ತಿತ್ತು.

ನಿಮಗೆ ಗೊತ್ತಿಲ್ಲದ್ದು ಇನ್ನೆರಡು ಇವೆ. ಆ ಕುರ್ಚಿಯಲ್ಲಿ ನೀವು ಕೂತಾಗ ನಿಮ್ಮ ಮುಂದೆ ಬಂದ ತಟ್ಟೆ ತಳದಿಂದ ಮೇಲಕ್ಕೆ ಕಲಸಿತ್ತು. ಅವಾ ಮಾಡಿದ್ದೆಂದು ತಿಳಿದು ಅವಳಿಗೆ ತಲೆ ಬಾಗಿಸಿದಿರಿ. ಅದನ್ನು ಕಲಸಿದವಳು ನಾನು. ಒಳಗೆ ಹೋಗಿ, ಬಾಗಿಲು ಹಾಕಿಕೊಂಡು ಕಲಸಿದೆ.

ಎರಡನೆಯದು ಹಳೆಯದು. ಹೆಸರಿಟ್ಟ ದಿನ ನೀವು ಹೊರಟುಹೋದ ಮೇಲೆ ಸಂಜೆ ನಾರ್ಮತ್ ಉಳಿದ ಪಲಾವನ್ನು ಅಡುಗೆಮನೆಗೆ ತಂದರು. ಕಲಸಿದ್ದು. ಎಸೆಯುತ್ತಾರೆಂದು ನಾನು ತಿಳಿದೆ. ನಿಂತೇ ಒಂದು ತಟ್ಟೆ ತಿಂದರು. ಇನ್ನೊಂದು ತಟ್ಟೆ ಹಾಕಿಕೊಂಡರು. ಸಟ್ಟುಗಕ್ಕೆ ಅಂಟಿದ್ದನ್ನೂ ಬಿಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಚೆನ್ನಾಗೇ ಇದೆ. ಅವನಿಗೆ ಹೇಳಬೇಡ" ಎಂದರು.

ಮೂರೂವರೆ ವರ್ಷ ಹೇಳಲಿಲ್ಲ. ಇನ್ನು ಹೇಳಬಹುದು ಅನ್ನಿಸಿತು.

ಬುಖಾರಾದವನು ಮೊನ್ನೆ ಕಡಾಯಿ ಕೇಳಲು ಬಂದಿದ್ದ. ಈ ಶುಕ್ರವಾರಕ್ಕೆ ಬೇಕು ಎಂದೆ. ಮುಂದಿನ ವಾರ ಬರಲೇ ಎಂದ. ಆ ಶುಕ್ರವಾರಕ್ಕೂ ಬೇಕು ಎಂದೆ. ಅಕ್ಕನಿಗೂ ಬರೆಯಬೇಕು, ಏನೆಂದು ಬರೆಯುವುದೋ ನೋಡುತ್ತೇನೆ.

ಅವಸರದಲ್ಲಿ ನಿಮ್ಮ ಸಟ್ಟುಗ ಇಲ್ಲೇ ಮರೆತು ಹೋಗಿದ್ದೀರಿ. ತೊಳೆದು, ಅವರ ಸಟ್ಟುಗದ ಪಕ್ಕ ಕೊಕ್ಕೆಗೆ ಹಾಕಿದ್ದೇನೆ. ಫವಾಜ್‌ನ ಕೈಯಲ್ಲಿ ಕಳಿಸಲೇ?

ಮಸ್ತೂರಾ


ಗುವಾಂಗ್‌ಝೌ,
ನವೆಂಬರ್ 27

ತಂಗಿ ಮಸ್ತೂರಾ,

ಎರಡು ತಟ್ಟೆ ತಿಂದನೆಂದು ಬರೆದಿದ್ದೀಯ. ಎರಡೂ ತುಂಬಿದ ತಟ್ಟೆಯೋ?

ಸಟ್ಟುಗ ಕಳಿಸಬೇಡ. ಮರೆತು ಬಂದದ್ದಲ್ಲ.

ತೋಲಿಬ್